ಒಂದು ಲೋಟ ಎಂದರೆ ಎಷ್ಟು ಗ್ರಾಂ?

ಮಂಡಕ್ಕಿಯ ಊರಿನಲ್ಲಿ ಬೆಳೆದವರಿಗೆ ತೂಕ ಬೇರೆ, ಅಳತೆ ಬೇರೆ ಅನ್ನೋದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡಬೇಕಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಂದ ಹೊರಬರುವ ಚೀಲಗಳನ್ನು ನೋಡಿದರೆ ಸಾಕು. ಅಷ್ಟು ದೊಡ್ಡ ಚೀಲವನ್ನು ಒಬ್ಬ ಹುಡುಗ ಹೆಗಲಿಗೆ ಹಾಕಿಕೊಂಡು ಸಲೀಸಾಗಿ ನಡೆದುಬಿಡುತ್ತಾನೆ. ಅದೇ ಗಾತ್ರದ ಚೀಲದಲ್ಲಿ ಅಕ್ಕಿ ತುಂಬಿದ್ದರೆ ಎತ್ತಲು ಇಬ್ಬರು ಬೇಕು. ಒಂದು ಕೆಜಿ ಅಕ್ಕಿಗೆ ಹೆಚ್ಚೂಕಮ್ಮಿ 1.2 ಲೀಟರ್ ಜಾಗ ಸಾಕು. ಒಂದು ಕೆಜಿ ಮಂಡಕ್ಕಿಗೆ ಸುಮಾರು 16 ಲೀಟರ್ ಬೇಕು. ಎರಡೂ ಭತ್ತದಿಂದಲೇ ಬಂದದ್ದು. ನಡುವೆ ಆದದ್ದು ಇಷ್ಟೇ: ಉಪ್ಪು ಹಾಕಿದ ಅಕ್ಕಿ ಕಾದ ಮರಳಿಗೆ ಬಿತ್ತು, ಒಳಗಿದ್ದ ತೇವ ಆವಿಯಾಗಿ ಕಾಳನ್ನು ಉಬ್ಬಿಸಿತು.

ಇದನ್ನು ಈಗ ಬರೆಯಲು ಕಾರಣ ನನ್ನ ತಂಗಿಯ ಮಗಳು. ಕೆಲಸಕ್ಕೆಂದು ಪುಣೆಗೆ ಹೋಗಿ ಒಬ್ಬಳೇ ಮನೆ ಮಾಡಿಕೊಂಡಿದ್ದಾಳೆ. ಅಡುಗೆ ಕೇಳಲು ಆಗಾಗ ಫೋನ್ ಮಾಡುತ್ತಾಳೆ. ನಾನು ಏನೇ ಹೇಳಿದರೂ ಅವಳದ್ದು ಒಂದೇ ಪ್ರಶ್ನೆ: "ದೊಡ್ಡಮ್ಮ, ಒಂದು ಲೋಟ ಅಂದ್ರೆ ಎಷ್ಟು ಗ್ರಾಂ?" ನಾನು ಕೇಳುವುದೂ ಒಂದೇ: "ಯಾವುದ್ರ ಲೋಟ ಕಣೇ?" ಅವಳ ಪ್ರಶ್ನೆಗೆ ಒಂದೇ ಅಂಕಿಯ ಉತ್ತರ ಇಲ್ಲ. ಲೋಟದಲ್ಲಿ ಏನಿದೆ, ಲೋಟ ಯಾರ ಮನೆಯದ್ದು, ಅದನ್ನು ತುಂಬಿದ್ದು ಹೇಗೆ, ಈ ಮೂರೂ ಗೊತ್ತಾದರೆ ಮಾತ್ರ ಗ್ರಾಂ ಹೇಳಬಹುದು. ಇಂಟರ್ನೆಟ್ಟಿನಲ್ಲಿ ಸಿಗುವ ಪಟ್ಟಿಗಳು ಮೊದಲನೆಯದನ್ನು ಮಾತ್ರ ಹೇಳುತ್ತವೆ. ಉಳಿದ ಎರಡನ್ನು ನಾವೇ ನೋಡಿಕೊಳ್ಳಬೇಕು.

ಮೊದಲು ಒಳಗಿರುವ ಪದಾರ್ಥದ ವಿಷಯ. ನೀರಿನಲ್ಲಿ ತಕರಾರಿಲ್ಲ. ಒಂದು ಮಿಲಿಲೀಟರ್ ನೀರು ಒಂದು ಗ್ರಾಂ, ಅಡುಗೆಮನೆಗೆ ಅಷ್ಟು ಲೆಕ್ಕ ಸಾಕು. 240 ಮಿಲಿ ಹಿಡಿಯುವ ಕಪ್ಪಿನಲ್ಲಿ 240 ಗ್ರಾಂ ನೀರು. ಅದೇ ಕಪ್ಪಿಗೆ ಸೋನಾ ಮಸೂರಿ ಅಕ್ಕಿ ತುಂಬಿದರೆ ಸುಮಾರು 200 ಗ್ರಾಂ. ತೊಗರಿಬೇಳೆ, ಸಕ್ಕರೆ ಕೂಡ ಅಷ್ಟೇ ಆಸುಪಾಸು. ಉಪ್ಪಿಟ್ಟಿನ ರವೆ 170. ಕಡಲೆಕಾಯಿ ಬೀಜ, ಎಳ್ಳು 145. ಪುಡಿ ಸಕ್ಕರೆ 120. ಪುಡಿ ಉಪ್ಪು 290, ಅಂದರೆ ನೀರಿಗಿಂತಲೂ ಭಾರ. ಮಂಡಕ್ಕಿ ಬರೀ 15.

ಯಾಕೆ ಹೀಗೆ? ಲೋಟದಲ್ಲಿ ನಾವು ಅಳೆಯುವುದು ಕಾಳನ್ನು ಮಾತ್ರ ಅಲ್ಲ, ಕಾಳುಗಳ ನಡುವಿನ ಗಾಳಿಯನ್ನೂ ಅಳೆಯುತ್ತೇವೆ. ನಂಬಿಕೆ ಬರದಿದ್ದರೆ 240 ಮಿಲಿಯ ಕಪ್ಪಿಗೆ ಬಾಯಿ ಮಟ್ಟ ಅಕ್ಕಿ ತುಂಬಿ. ಅದರ ಮೇಲೆ ನಿಧಾನವಾಗಿ ನೀರು ಸುರಿಯಿರಿ. ಸುಮಾರು 100 ಮಿಲಿ ನೀರು ಒಳಗೆ ಇಳಿದುಹೋಗುತ್ತದೆ. ಅಂದರೆ ಐದರಲ್ಲಿ ಎರಡು ಪಾಲು ಗಾಳಿಯೇ ಇತ್ತು. ಈ ಗಾಳಿಯ ಲೆಕ್ಕ ಗಣಿತದವರನ್ನೂ ಬಹಳ ಕಾಲ ಕಾಡಿದೆ. ಒಂದೇ ಗಾತ್ರದ ಗುಂಡುಗಳನ್ನು ಹಣ್ಣಿನಂಗಡಿಯಲ್ಲಿ ಮೂಸಂಬಿ ಪೇರಿಸಿದ ಹಾಗೆ ಜೋಡಿಸಿದರೆ ಶೇಕಡಾ 74ರಷ್ಟು ಜಾಗ ತುಂಬುತ್ತದೆ, ಅದಕ್ಕಿಂತ ಒತ್ತಾಗಿ ಜೋಡಿಸಲು ಬರುವುದಿಲ್ಲ ಎಂದು ಯೋಹಾನಸ್ ಕೆಪ್ಲರ್ 1611ರಲ್ಲಿ ಹೇಳಿದ್ದ. ಅದು ನಿಜ ಎಂದು ಥಾಮಸ್ ಹೇಲ್ಸ್ ಗಣಿತದಲ್ಲಿ ಸಾಧಿಸಿ ತೋರಿಸಿದ್ದು 1998ರಲ್ಲಿ. ಜೋಡಿಸದೆ ಸುಮ್ಮನೆ ಸುರಿದು ಕುಲುಕಿದರೆ ತುಂಬುವುದು ಸುಮಾರು 64 ಮಾತ್ರ. ಕುಲುಕದೆ ತುಂಬಿದ ಅಕ್ಕಿಯಲ್ಲಿ ಇನ್ನೂ ಸ್ವಲ್ಪ ಕಡಿಮೆ.

ಕುಲುಕಿದರೆ ಎಂದೆನಲ್ಲ, ಅಲ್ಲೇ ಇದೆ ವ್ಯಾಪಾರದ ಗುಟ್ಟೆಲ್ಲಾ. ಸೇರಿನಲ್ಲಿ ಕಾಳು ಅಳೆದು ಕೊಡುತ್ತಿದ್ದ ಕಾಲದಲ್ಲಿ ಕೊಳ್ಳುವವರ ಕಣ್ಣು ಅಳೆಯುವವನ ಕೈ ಮೇಲೇ ಇರುತ್ತಿತ್ತು. ಕುಕ್ಕಿ ತುಂಬುತ್ತಾನಾ, ಸಡಿಲವಾಗಿ ಸುರಿಯುತ್ತಾನಾ? ಬಾಯಿ ಸವರುತ್ತಾನಾ, ಗೋಪುರ ಕಟ್ಟುತ್ತಾನಾ? ಒಂದೇ ಸೇರು, ಕೈ ಬದಲಾದರೆ ಕಾಳು ಬದಲು. ಸಾಲ ಕೊಡುವಾಗ ಬಾಯಿ ಸವರಿ ಕೊಟ್ಟು, ವಾಪಸ್ ತೆಗೆದುಕೊಳ್ಳುವಾಗ ಗೋಪುರ ಕಟ್ಟಿಸಿಕೊಂಡವರ ಕಥೆಗಳನ್ನು ಹಳ್ಳಿಯ ಹಿರಿಯರ ಬಾಯಲ್ಲಿ ನೀವೂ ಕೇಳಿರುತ್ತೀರಿ.

ಸೇರಿಗೂ ಒಂದೇ ಅರ್ಥ ಇರಲಿಲ್ಲ. ಅಳತೆಯ ಸೇರು ಒಂದು, ತೂಕದ ಸೇರು ಇನ್ನೊಂದು. ತೂಕದಲ್ಲೂ 24 ತೊಲದ ಕಚ್ಚಾ ಸೇರು, 80 ತೊಲದ ಪಕ್ಕಾ ಸೇರು. ತೊಲಕ್ಕೆ 11.66 ಗ್ರಾಂ ಎಂದು ಹಿಡಿದರೆ ಮೊದಲನೆಯದು 280 ಗ್ರಾಂ, ಎರಡನೆಯದು 933 ಗ್ರಾಂ. ಅಳತೆಯ ಸೇರಿನ ಕೆಳಗೆ ಅಚ್ಚೇರು, ಪಾವು, ಅರೆಪಾವು, ಚಟಾಕು. ಪ್ರತಿಯೊಂದೂ ಮೇಲಿನದರ ಅರ್ಧ, ಹಾಗಾಗಿ ಸೇರಿಗೆ ನಾಲ್ಕು ಪಾವು, ಹದಿನಾರು ಚಟಾಕು. ಮೇಲೆ ಕೊಳಗ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಗದ್ದೆಯನ್ನೂ ಖಂಡುಗದಲ್ಲೇ ಹೇಳುತ್ತಿದ್ದರು, ಅಷ್ಟು ಬೀಜ ಹಿಡಿಯುವ ನೆಲ ಎಂದು. ಕೊಳಗಕ್ಕೆ ಎಷ್ಟು ಸೇರು ಅನ್ನೋದು ಮಾತ್ರ ಸೀಮೆಯಿಂದ ಸೀಮೆಗೆ ಬದಲಾಗುತ್ತಿತ್ತು. 1956ರಲ್ಲಿ ಕಾನೂನು ಬಂತು, 1958ರ ಅಕ್ಟೋಬರ್‌ನಿಂದ ಕೆಜಿ, ಗ್ರಾಂ ಹಂತಹಂತವಾಗಿ ಜಾರಿಯಾದವು. ಅಂಗಡಿಯ ತಕ್ಕಡಿ ಬದಲಾಯಿತು. ಅಡುಗೆಮನೆಯ ಗೂಡಿನಲ್ಲಿದ್ದ ಪಾವು ಅಲ್ಲೇ ಉಳಿಯಿತು.

ಹೀಗಾಗಿ ನಮ್ಮ ತಾಯಂದಿರ ತಲೆಮಾರು ಎರಡು ಲೆಕ್ಕದಲ್ಲಿ ಬದುಕಿತು. ತರುವುದು ಕೆಜಿಯಲ್ಲಿ, ಹಾಕುವುದು ಪಾವಿನಲ್ಲಿ. ಅವ್ವನ ಸಾರಿನ ಪುಡಿಯ ಚೀಟಿ ನನ್ನ ಹತ್ತಿರ ಈಗಲೂ ಇದೆ. ಅದರಲ್ಲಿ ಹೀಗಿದೆ: ಕೊತ್ತಂಬರಿ ಒಂದು ಸೇರು, ಬ್ಯಾಡಗಿ ಮೆಣಸಿನಕಾಯಿ ಕಾಲು ಕೆಜಿ, ಜೀರಿಗೆ ಒಂದು ಪಾವು, ಮೆಣಸು ಅರೆಪಾವು, ಮೆಂತ್ಯ ಒಂದು ಚಟಾಕು. ಒಂದೇ ಚೀಟಿಯಲ್ಲಿ ತೂಕವೂ ಇದೆ, ಅಳತೆಯೂ ಇದೆ. ಇದು ಅಡ್ಡಾದಿಡ್ಡಿ ಬರವಣಿಗೆ ಅಲ್ಲ. ಮೆಣಸಿನಕಾಯಿಯನ್ನು ಸೇರಿನಲ್ಲಿ ಅಳೆಯಲು ಬರುವುದಿಲ್ಲ. ಸುಕ್ಕುಸುಕ್ಕಾಗಿ ಒಂದಕ್ಕೊಂದು ಅಡ್ಡಬಿದ್ದು ನಿಲ್ಲುತ್ತದೆ, ಒತ್ತಿದರೆ ಮುರಿಯುತ್ತದೆ. ಅದಕ್ಕೆ ತಕ್ಕಡಿಯೇ ಸರಿ. ಕೊತ್ತಂಬರಿ ಹಾಗಲ್ಲ, ಗುಂಡಗೆ ಉರುಳಿ ತಾನಾಗಿ ಕೂರುತ್ತದೆ. ಯಾವುದನ್ನು ಯಾವುದರಲ್ಲಿ ಅಳೆದರೆ ತಪ್ಪು ಕಡಿಮೆ ಎಂದು ಅವ್ವನಿಗೆ ಚೆನ್ನಾಗಿ ಗೊತ್ತಿತ್ತು.

ಈ ಚೀಟಿಯನ್ನು ನಾನು ಪೂರ್ತಿ ಗ್ರಾಮಿಗೆ ಇಳಿಸಿದ್ದೇನೆ. ನಮ್ಮ ಮನೆಯ ಸೇರು ಸುಮಾರು ಒಂದು ಲೀಟರ್ ಹಿಡಿಯುತ್ತದೆ. ಕೊತ್ತಂಬರಿ ಬೀಜ ಟೊಳ್ಳು. ಒಂದು ಸೇರಿಗೆ ಸುಮಾರು 330 ಗ್ರಾಂ ಬರುತ್ತದೆ. ಮೆಣಸಿನಕಾಯಿ 250 ಇದ್ದೇ ಇದೆ. ಪಾವು ಜೀರಿಗೆ 100. ಅರೆಪಾವು ಮೆಣಸು 70 ಚಿಲ್ಲರೆ. ಚಟಾಕು ಮೆಂತ್ಯ 45. ಇಲ್ಲಿ ಒಂದು ವಿಷಯ ಗಮನಿಸಿ. ಅಳತೆಯಲ್ಲಿ ಕೊತ್ತಂಬರಿಯ ಹದಿನಾರನೇ ಒಂದು ಭಾಗ ಮೆಂತ್ಯ. ತೂಕದಲ್ಲಿ ನೋಡಿದರೆ ಏಳನೇ ಒಂದು ಭಾಗಕ್ಕೆ ಹತ್ತಿರ. ಮೆಂತ್ಯದ ಕಾಳು ಗಟ್ಟಿ, ಭಾರ. ಸೇರು ಅಂದ್ರೆ ಕೆಜಿ ಅಲ್ವಾ ಎಂದುಕೊಂಡು ಯಾರಾದರೂ ಒಂದು ಕೆಜಿ ಕೊತ್ತಂಬರಿ ತಂದು ಹುರಿದರೆ ಚೀಟಿಯಲ್ಲಿರುವುದಕ್ಕಿಂತ ಮೂರು ಪಟ್ಟು ಆಗುತ್ತದೆ. ಆ ಪುಡಿಯ ಸಾರಿಗೆ ಖಾರವೂ ಇರುವುದಿಲ್ಲ, ಬಣ್ಣವೂ ಇರುವುದಿಲ್ಲ.

ನಮ್ಮೂರಿನ ಚೌಕಿಪೇಟೆಯಲ್ಲಿ ಮದುವೆ ಅಡುಗೆಗೆ ಸಾಮಾನು ಕಟ್ಟಿಸಲು ಬರುವವರ ಪಟ್ಟಿ ನೋಡುವುದು ನನಗೆ ಇಷ್ಟ. ಅಡುಗೆಯವರು ಬರೆಸಿದ ಪಟ್ಟಿ ಪೂರ್ತಿ ಕೆಜಿಯಲ್ಲಿರುತ್ತದೆ. ಛತ್ರದಲ್ಲಿ ಒಲೆ ಮುಂದೆ ನಿಂತಾಗ ಅದೇ ಮನುಷ್ಯ ಬೋಗುಣಿ, ಸೌಟಿನಲ್ಲಿ ಸುರಿಯುತ್ತಾರೆ. ತಲೆಯಲ್ಲೇ ಒಂದರಿಂದ ಇನ್ನೊಂದಕ್ಕೆ ದಾಟುತ್ತಾರೆ. ಯಾವ ಪಟ್ಟಿಯೂ ಬೇಡ. ಇದು ದೊಡ್ಡ ವಿದ್ಯೆ, ಅದಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಈಗ ಬೆಣ್ಣೆ ದೋಸೆಗೆ ಬರೋಣ, ನಮ್ಮೂರಿನ ಬಗ್ಗೆ ಬರೆಯುತ್ತಾ ಅದನ್ನು ಬಿಡಲು ಆಗುವುದಿಲ್ಲ. ಹಿಟ್ಟಿನ ಅಳತೆ ಮನೆಯಿಂದ ಮನೆಗೆ, ಹೋಟೆಲಿನಿಂದ ಹೋಟೆಲಿಗೆ ಬೇರೆ. ಆದರೂ ಅಕ್ಕಿ, ಉದ್ದಿನಬೇಳೆ, ಮಂಡಕ್ಕಿ, ಸ್ವಲ್ಪ ಮೆಂತ್ಯ ಅನ್ನೋದು ಸಾಮಾನ್ಯ. ನಮ್ಮಲ್ಲಿ ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದು, ಎರಡು ಲೋಟ ಮಂಡಕ್ಕಿ. ಇದನ್ನು ತಂಗಿಯ ಮಗಳು ಮೊದಲು ಗ್ರಾಮಿನಲ್ಲಿ ಕೇಳಿದಾಗ ನಾನು ತೂಗಿ ಹೇಳಿದೆ: 600, 200, 30. "ಮಂಡಕ್ಕಿ ಮೂವತ್ತೇನಾ?" ಎಂದು ಅವಳಿಗೆ ಆಶ್ಚರ್ಯ. ಹೌದು, ಮೂವತ್ತೇ. ಆದರೆ ಆ ಮೂವತ್ತು ಗ್ರಾಂ ಎರಡು ಲೋಟ ತುಂಬುತ್ತದೆ, ನೆನೆಸಿದ ಕೂಡಲೇ ಮುದ್ದೆಯಾಗಿ ಹಿಟ್ಟಿನೊಳಗೆ ಸೇರಿಬಿಡುತ್ತದೆ. ದೋಸೆ ಮೆತ್ತಗೆ, ಹಗುರವಾಗಿ ಬರಲು ಅದೂ ಒಂದು ಕಾರಣ.

ಇಲ್ಲೇ ಅಪಾಯವೂ ಇರುವುದು. ಯಾರೋ 'ಮೂರು, ಒಂದು, ಎರಡು' ಎಂದು ಬರೆದಿಟ್ಟದ್ದನ್ನು ಇನ್ಯಾರೋ ಕೆಜಿ ಎಂದು ಓದಿದರು ಎಂದುಕೊಳ್ಳಿ. ಮೂರು ಕೆಜಿ ಅಕ್ಕಿಗೆ ಬೇಕಾದ ಮಂಡಕ್ಕಿ 150 ಗ್ರಾಂ. ಅವರು ಎರಡು ಕೆಜಿ ತರುತ್ತಾರೆ, ಅಂದರೆ 32 ಲೀಟರ್! ನೆನೆಸಲು ಪಾತ್ರೆ ಹುಡುಕುವ ಹೊತ್ತಿಗೇ ಏನೋ ಎಡವಟ್ಟಾಗಿದೆ ಎಂದು ತಿಳಿಯುತ್ತದೆ, ಪುಣ್ಯಕ್ಕೆ. ಎಲ್ಲ ತಪ್ಪುಗಳೂ ಇಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಅನ್ನದ ನೀರನ್ನೇ ನೋಡಿ. ಒಂದಕ್ಕೆ ಎರಡು ಎಂದು ಎಲ್ಲರೂ ಹೇಳುತ್ತಾರೆ. ಅದು ಲೋಟದ ಲೆಕ್ಕ. ಒಂದು ಕಪ್ ಅಕ್ಕಿ 200 ಗ್ರಾಂ, ಎರಡು ಕಪ್ ನೀರು 480 ಗ್ರಾಂ. ತೂಕದಲ್ಲಿ ಅದು ಒಂದಕ್ಕೆ 2.4. ತಕ್ಕಡಿ ಇಟ್ಟುಕೊಂಡು 200 ಗ್ರಾಂ ಅಕ್ಕಿಗೆ 400 ಗ್ರಾಂ ನೀರು ಹಾಕಿದರೆ ಅನ್ನ ಗಟ್ಟಿಯಾಗುತ್ತದೆ. ಉಪ್ಪಿಟ್ಟಿನಲ್ಲಿ ಇದು ಇನ್ನೂ ಜಾಸ್ತಿ. ಒಂದು ಕಪ್ ರವೆಗೆ ಮೂರು ಕಪ್ ನೀರು ಅಂದರೆ 170 ಗ್ರಾಮಿಗೆ 720 ಗ್ರಾಂ, ನಾಲ್ಕು ಪಟ್ಟಿಗೂ ಮೇಲೆ. ಅಳತೆಯಲ್ಲಿ ಹೇಳಿದ ಅನುಪಾತವನ್ನು ಹಾಗೇ ತೂಕಕ್ಕೆ ಹಚ್ಚಬಾರದು. ಪ್ರತಿ ಪದಾರ್ಥವನ್ನೂ ಬೇರೆಬೇರೆಯಾಗಿ ಗ್ರಾಮಿಗೆ ಇಳಿಸಿ, ಆಮೇಲೆ ಅನುಪಾತ ನೋಡಬೇಕು.

ಲೋಟದ ಗಾತ್ರ ಇನ್ನೊಂದು ಗೊಂದಲ. ಅಮೆರಿಕದ ಕಪ್ 236.6 ಮಿಲಿ, ಅಲ್ಲಿನ ಪೊಟ್ಟಣಗಳ ಮೇಲೆ ಅದನ್ನೇ 240 ಎಂದು ಹಿಡಿಯುತ್ತಾರೆ. ಆಸ್ಟ್ರೇಲಿಯಾದಲ್ಲಿ ಕಪ್ 250 ಮಿಲಿ. ರೈಸ್ ಕುಕ್ಕರ್ ಜೊತೆ ಬರುವ ಪ್ಲಾಸ್ಟಿಕ್ ಕಪ್ ಸಾಮಾನ್ಯವಾಗಿ 180. ದೊಡ್ಡ ಚಮಚ ಬಹಳ ಕಡೆ 15 ಮಿಲಿ, ಆಸ್ಟ್ರೇಲಿಯಾದಲ್ಲಿ 20. ನಮ್ಮ ಸ್ಟೀಲ್ ಲೋಟಗಳ ಬಗ್ಗೆ ಹೇಳುವುದೇ ಬೇಡ, ಒಂದೊಂದು ಮನೆಯಲ್ಲಿ ಒಂದೊಂದು. ಆದರೂ ಅಕ್ಕಿ, ಉದ್ದು, ನೀರು ಎಲ್ಲವನ್ನೂ ಒಂದೇ ಲೋಟದಲ್ಲಿ ಅಳೆಯುವ ತನಕ ಲೋಟ ಎಷ್ಟು ದೊಡ್ಡದು ಅನ್ನೋದು ಮುಖ್ಯವೇ ಅಲ್ಲ. ನಮ್ಮ ಅಡುಗೆ ಇಷ್ಟು ಕಾಲ ಲೋಟದ ಮೇಲೆ ನಿಂತದ್ದು ಹೀಗೆ. ತೊಂದರೆ ಶುರುವಾಗುವುದು ಅಡುಗೆ ಊರು ಬಿಟ್ಟಾಗ. ಅರ್ಧ ಲೋಟದಲ್ಲಿ, ಅರ್ಧ ಪೊಟ್ಟಣದ ಮೇಲಿನ ಗ್ರಾಮಿನಲ್ಲಿ ಮಾಡಿದಾಗ. ಪುಣೆಯ ಹುಡುಗಿ ಅರ್ಧ ಕೆಜಿ ಉದ್ದಿನ ಪೊಟ್ಟಣ ಪೂರ್ತಿ ನೆನೆಸಿ, ಅದಕ್ಕೆ ಅಕ್ಕಿ ಎಷ್ಟು ಎಂದು ಕೇಳಿದಾಗ ಲೋಟ ಉತ್ತರ ಕೊಡುವುದಿಲ್ಲ.

ಹಿಟ್ಟುಗಳದ್ದು ಬೇರೆಯೇ ಸಮಸ್ಯೆ. ಮೈದಾ ಜರಡಿ ಹಿಡಿದು, ಚಮಚದಲ್ಲಿ ಹಗುರವಾಗಿ ಕಪ್ಪಿಗೆ ಹಾಕಿ ಬಾಯಿ ಸವರಿದರೆ 120 ಗ್ರಾಂ. ಅದೇ ಕಪ್ಪನ್ನು ಡಬ್ಬದೊಳಗೆ ಅದ್ದಿ ಗೋರಿ ತೆಗೆದರೆ 150ರವರೆಗೂ ಹೋಗುತ್ತದೆ. ನಾಲ್ಕನೇ ಒಂದು ಭಾಗ ಜಾಸ್ತಿ! ಚಪಾತಿಗೆ ಇದರಿಂದ ಏನೂ ಆಗುವುದಿಲ್ಲ, ಹಿಟ್ಟು ಕಲಸುವಾಗ ಕೈ ನೀರನ್ನು ಹೊಂದಿಸಿಕೊಳ್ಳುತ್ತದೆ. ಕೇಕಿನಲ್ಲಿ ಹಾಗಾಗುವುದಿಲ್ಲ. ಒಮ್ಮೆ ಒಲೆಗೆ ಇಟ್ಟ ಮೇಲೆ ಸರಿಮಾಡಲು ದಾರಿಯೇ ಇಲ್ಲ. ಮೂರು ಕಪ್ಪಿಗೆ 90 ಗ್ರಾಂ ಮೈದಾ ಹೆಚ್ಚು ಬಿದ್ದರೆ ಕೇಕು ಒಣಗಿ ಬಿರುಕು ಬಿಡುತ್ತದೆ. ಕೇಕು, ಬಿಸ್ಕತ್ತು, ಬ್ರೆಡ್ಡಿಗೆ ತಕ್ಕಡಿ ಇಲ್ಲದೆ ಕೈ ಹಾಕಬೇಡಿ ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಬೆಲ್ಲಕ್ಕೂ ತಕ್ಕಡಿಯೇ ಬೇಕು. ಹೋಳಿಗೆಗೆ ಬೇಳೆಯಷ್ಟೇ ಬೆಲ್ಲ ಎನ್ನುತ್ತಾರೆ. ಬೇಳೆಯನ್ನು ಲೋಟದಲ್ಲಿ ಅಳೆದಿರಿ, ಸರಿ. ಬೆಲ್ಲವನ್ನು? ತುರಿದು ಸಡಿಲವಾಗಿ ತುಂಬಿದರೆ ಒಂದು ತೂಕ, ಒತ್ತಿ ತುಂಬಿದರೆ ಇನ್ನೊಂದು, ಉಂಡೆಗಳಿದ್ದರೆ ಮತ್ತೊಂದು. ಉಪ್ಪಿನಕಾಯಿ ಹಾಕುವವರು ಉಪ್ಪಿನಲ್ಲೂ ಇದನ್ನು ನೆನಪಿಡಬೇಕು. ಹಳೆಯ ಅಳತೆಗಳೆಲ್ಲ ಕಲ್ಲುಪ್ಪಿನವು. ದಪ್ಪ ಹರಳು ಚಮಚದಲ್ಲಿ ಒತ್ತಾಗಿ ಕೂರುವುದಿಲ್ಲ. ಪುಡಿ ಉಪ್ಪು 5 ಮಿಲಿಯ ಸಣ್ಣ ಚಮಚಕ್ಕೆ 6 ಗ್ರಾಂ ಕೂರುತ್ತದೆ. ಅದೇ ಲೋಟದಲ್ಲಿ ಕಲ್ಲುಪ್ಪಿನ ಬದಲು ಪುಡಿ ಉಪ್ಪು ಸುರಿದರೆ ಉಪ್ಪು ಹೆಚ್ಚಾಗುತ್ತದೆ. ತೂಗಿ ಹಾಕಿದರೆ ಯಾವ ಉಪ್ಪಾದರೂ ಉಪ್ಪೇ.

ಹಾಗಂತ ತಕ್ಕಡಿಯೇ ಎಲ್ಲದಕ್ಕೂ ಉತ್ತರ ಎಂದು ನಾನು ಹೇಳುತ್ತಿಲ್ಲ. ಮಂಡಕ್ಕಿಯನ್ನು ಅಳತೆಯಲ್ಲಿ ಕೊಳ್ಳುವುದೇ ಒಳ್ಳೆಯದು ಅನ್ನೋದು ನನ್ನ ನಂಬಿಕೆ. ತೇವ ಕುಡಿದು ಮೆತ್ತಗಾದ ಮಂಡಕ್ಕಿ ತೂಕದಲ್ಲಿ ಜಾಸ್ತಿ ತೂಗುತ್ತದೆ, ಅಂದರೆ ಕೆಜಿ ಲೆಕ್ಕದಲ್ಲಿ ಕೊಂಡರೆ ನೀರಿಗೂ ದುಡ್ಡು ಕೊಟ್ಟ ಹಾಗೆ. ಸೇರಿನಲ್ಲಿ ಅಳೆದುಕೊಂಡರೆ ಆ ನಷ್ಟವಿಲ್ಲ. ಸಂಜೆ ಖಾರ ಮಂಡಕ್ಕಿಗೋ ನರ್ಗೀಸ್ ಮಂಡಕ್ಕಿಗೋ ಎಷ್ಟು ಬೇಕು ಎಂದು ಹೇಳುವಾಗ ಒಬ್ಬರಿಗೆ ಎರಡು ಬೊಗಸೆ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಮೂವತ್ತು ಗ್ರಾಂ ಅಂದರೆ ಯಾರಿಗೆ ತಿಳಿಯುತ್ತದೆ? ತೀರಾ ಸಣ್ಣ ಅಳತೆಯಲ್ಲೂ ಚಮಚವೇ ಮೇಲು. ಅಡುಗೆ ಸೋಡಾ ಒಂದು ಸಣ್ಣ ಚಮಚಕ್ಕೆ ಸುಮಾರು 5 ಗ್ರಾಂ, ಕಾಲು ಚಮಚ ಒಂದು ಗ್ರಾಂ ಚಿಲ್ಲರೆ. ಮನೆಯ ತಕ್ಕಡಿ ಸಾಮಾನ್ಯವಾಗಿ ತೋರಿಸುವುದೇ ಒಂದೊಂದು ಗ್ರಾಮಿನ ಲೆಕ್ಕದಲ್ಲಿ. ಇಂಗು, ಅರಿಶಿನ, ಸೋಡಾ, ಏಲಕ್ಕಿ ಪುಡಿ, ಇವನ್ನೆಲ್ಲ ಆ ತಕ್ಕಡಿ ಮೇಲೆ ಹಾಕಿ ನಂಬಿಕೊಂಡು ಕೂರಬೇಡಿ.

ನಾನು ತಂಗಿಯ ಮಗಳಿಗೆ ಮಾಡಿಕೊಟ್ಟ ವ್ಯವಸ್ಥೆ ಹೇಳುತ್ತೇನೆ. ದಿನಾ ಬಳಸುವ ಒಂದು ಲೋಟವನ್ನು ಆರಿಸಿಕೋ ಎಂದೆ. ಅದನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ ಅಂಚಿನವರೆಗೆ ನೀರು ತುಂಬಿದರೆ, ಬರುವ ಗ್ರಾಮೇ ಲೋಟದ ಮಿಲಿ. ಅವಳ ಲೋಟ 210 ಬಂತು. ಆಮೇಲೆ ಲೋಟ ಚೆನ್ನಾಗಿ ಒರೆಸಿ, ಮನೆಯಲ್ಲಿರುವ ಒಂದೊಂದನ್ನೂ ಕುಕ್ಕದೆ ತುಂಬಿ, ಚಾಕುವಿನ ಬೆನ್ನಿನಲ್ಲಿ ಬಾಯಿ ಸವರಿ ತೂಗಬೇಕು. ಒಂದೇ ಸಲಕ್ಕೆ ನಂಬದೆ ಎರಡು ಮೂರು ಸಲ ತೂಗಿ ನಡುವಿನದ್ದನ್ನು ಬರೆದುಕೊಳ್ಳಬೇಕು. ಅಕ್ಕಿ, ಬೇಳೆಯಲ್ಲಿ ಪ್ರತಿಸಲ ಹೆಚ್ಚೂಕಮ್ಮಿ ಒಂದೇ ಅಂಕಿ ಬರುತ್ತದೆ. ಹಿಟ್ಟಿನಲ್ಲಿ ಎಳೆದಾಡುತ್ತದೆ. ಎಷ್ಟು ಎಳೆದಾಡುತ್ತದೆ ಎಂದು ನೋಡಿದರೆ ಯಾವುದಕ್ಕೆ ಲೋಟ ಸಾಕು, ಯಾವುದಕ್ಕೆ ತಕ್ಕಡಿ ಬೇಕು ಎಂದು ತಾನಾಗಿ ತಿಳಿಯುತ್ತದೆ. ಬೇರೆಯವರ 240ರ ಕಪ್ಪಿನ ಅಡುಗೆ ಮಾಡಬೇಕಾದರೆ ಅವರು ಹೇಳಿದ ಕಪ್ಪನ್ನು 240ರಿಂದ ಗುಣಿಸಿ ತನ್ನ ಲೋಟದ 210ರಿಂದ ಭಾಗಿಸಿದರೆ ಮುಗಿಯಿತು. ಏಳು ಕಪ್ಪಿಗೆ ಎಂಟು ಲೋಟ.

ಅವಳ ಅಂಕಿಗಳು ನನ್ನ ಅಂಕಿಗಳಿಗೆ ಪೂರ್ತಿ ಹೊಂದಲಿಲ್ಲ. ಅವಳ ರವೆ ನನ್ನದಕ್ಕಿಂತ ಸಣ್ಣದು, ಅವಳಿಗೆ ಸಿಗುವ ಮಂಡಕ್ಕಿ ನಮ್ಮೂರಿನದ್ದಲ್ಲ. ಹೊಂದಬೇಕಾಗಿಯೂ ಇಲ್ಲ. ಅವಳ ಪಟ್ಟಿ ಅವಳ ಅಡುಗೆಮನೆಗೆ ಸರಿ ಇದ್ದರೆ ಆಯಿತು.

ಇನ್ನೊಂದು ಮಾತು ಉಳಿದಿದೆ, ಅಕ್ಕಿಯದ್ದು. ಭದ್ರಾ ನಾಲೆಯ ಕೆಳಗಿನ ಹೊಸ ಭತ್ತ ಮಿಲ್ಲಿಗೆ ಬಂದಾಗ ಊರಿನಲ್ಲಿ ಹೊಸ ಅಕ್ಕಿ ಸಿಗುತ್ತದೆ. ಹೊಸ ಅಕ್ಕಿ ಕಡಿಮೆ ನೀರಿಗೇ ಮೆತ್ತಗಾಗಿ ಅಂಟುತ್ತದೆ. ಹಳೆ ಅಕ್ಕಿ ಹೆಚ್ಚು ನೀರು ಕುಡಿದು ಉದುರುದುರಾಗಿ ಅರಳುತ್ತದೆ. 200 ಗ್ರಾಂ ಎರಡೂ 200 ಗ್ರಾಮೇ, ಆದರೆ ಕೇಳುವ ನೀರು ಬೇರೆ. ಇದನ್ನು ತಕ್ಕಡಿಯೂ ಹೇಳುವುದಿಲ್ಲ, ಪಾವೂ ಹೇಳುವುದಿಲ್ಲ. ಅದಕ್ಕೇ ಹೊಸ ಚೀಲ ಒಡೆದ ದಿನ ನಾನು ಒಂದು ಪಾವು ಅಕ್ಕಿಯನ್ನಷ್ಟೇ ಮೊದಲು ಬೇಯಿಸಿ ನೋಡುತ್ತೇನೆ. ಎಷ್ಟು ನೀರಿಗೆ ಹದ ಬಂತೋ ಅದನ್ನು ತಾರೀಖಿನ ಸಮೇತ ಚೀಟಿಯಲ್ಲಿ ಬರೆದು ಅಕ್ಕಿ ಡಬ್ಬದ ಮುಚ್ಚಳದ ಒಳಬದಿಗೆ ಅಂಟಿಸುತ್ತೇನೆ. ಆ ಚೀಲ ಮುಗಿಯುವ ತನಕ ಮನೆಯಲ್ಲಿ ಯಾರು ಅನ್ನಕ್ಕೆ ಇಟ್ಟರೂ ಅದನ್ನು ನೋಡಿಯೇ ಇಡುತ್ತಾರೆ.